ಕೊನೆ ಗೊತ್ತಿದ್ದೂ ಅಡುಗೆಮನೆಯ ಪ್ರೇಮಕಥೆ ಯಾಕೆ ನೋಡುತ್ತೇವೆ?

ಪ್ರಶ್ನೆ: ಟಿವಿಗಂತನ ಮಾಡಿದ ಅಡಗಿ-ಪ್ರೀತಿ ಸಿನಿಮಾ ನೋಡೂ ಚಟ ಹತ್ತೇತ್ರಿ. ಹತ್ತು ನಿಮಿಷದಾಗ ಕಡೀಕ ಏನಾಗ್ತೈತಿ ಅಂತ ಗೊತ್ತಾಗ್ತೈತಿ. ಆದ್ರೂ ಕೆಲವು ಮುಗಿಯೂತನಕ ಬಿಟ್ಟೇಳಾಕ ಮನಸ್ಸಾಗಂಗಿಲ್ಲ, ಕೆಲವು ಅರ್ಧಕ್ಕ ಬ್ಯಾಸರ ಬರ್ತಾವ. ಚಲೋದು ಯಾವುದು, ಪೊಳ್ಳು ಯಾವುದು ಹೆಂಗ ಗೊತ್ತು ಹಿಡೀಬೇಕು?
(ಗೋಕಾಕದ ಓದುಗರೊಬ್ಬರು)

ಕೊನೆ ಮೊದಲೇ ಗೊತ್ತಾಗುತ್ತದೆ ಅನ್ನುವುದನ್ನು ತಪ್ಪುಗಳ ಲೆಕ್ಕದಿಂದ ತೆಗೆದುಬಿಡಿ. ನಿಮ್ಮೂರಿನ ಕರದಂಟಿನ ರುಚಿ ಗೊತ್ತಿದ್ದೇ ಅಲ್ಲವೇ ಡಬ್ಬಿಗೆ ಕೈ ಹಾಕುವುದು? ಅಂಟು ತುಪ್ಪದಲ್ಲಿ ಸರಿಯಾಗಿ ಅರಳಿದೆಯೋ, ಬೆಲ್ಲದ ಪಾಕ ಹದ ತಪ್ಪಿದೆಯೋ, ಅಷ್ಟೇ ನೋಡುತ್ತೇವೆ. ಈ ಸಿನಿಮಾಗಳಲ್ಲೂ ಹಾಗೆ. ಶಹರದ ಹುಡುಗಿ ಊರಿಗೆ ಬರುತ್ತಾಳೆ, ಅಜ್ಜಿಯ ಬೇಕರಿ ಮುಚ್ಚುವ ಹಂತದಲ್ಲಿದೆ, ಎದುರಿಗೊಬ್ಬ ಸಿಡುಕು ಮೋರೆಯವ, ಊರಲ್ಲೊಂದು ಅಡುಗೆ ಸ್ಪರ್ಧೆ. ಮೊದಲ ಮುತ್ತು ಕೊನೆಯ ಎರಡು ನಿಮಿಷಕ್ಕೆ ಮೀಸಲು.

ಈ ಅಚ್ಚು ಬಂದದ್ದು ಟಿವಿಯ ಲೆಕ್ಕಾಚಾರದಿಂದ. ಅಮೆರಿಕದ ಹಾಲ್‌ಮಾರ್ಕ್ ಚಾನೆಲ್ ಇಂಥವಕ್ಕೆ ಹೆಸರುವಾಸಿ. ಅದರ ಹಿಂದಿರುವುದು 1910ರಲ್ಲಿ ಶುರುವಾದ ಶುಭಾಶಯ ಪತ್ರಗಳ ಕಂಪನಿ. ಎರಡು ತಾಸಿನ ಪ್ರಸಾರದಲ್ಲಿ ಜಾಹೀರಾತು ಕಳೆದರೆ ಸಿನಿಮಾಕ್ಕೆ ಉಳಿಯುವುದು ಸುಮಾರು 84 ನಿಮಿಷ. ಶೂಟಿಂಗ್ ಎರಡು-ಮೂರು ವಾರದಲ್ಲಿ ಮುಗಿಯಬೇಕು, ಬಹಳ ಸಲ ಕೆನಡಾದಲ್ಲಿ. ಪ್ರತಿ ಜಾಹೀರಾತಿನ ಮುಂಚೆ ಒಂದು ಸಣ್ಣ ಗಂಟು ಬೇಕು, ಇಲ್ಲವಾದರೆ ನೋಡುವವರು ಚಾನೆಲ್ ಬದಲಿಸುತ್ತಾರೆ. ಒಂದು ಫೋನ್ ಮಾಡಿದ್ದರೆ ಬಿಚ್ಚಿಹೋಗುತ್ತಿದ್ದ ಆ ಸುಳ್ಳು ಮನಸ್ತಾಪ ಮುಕ್ಕಾಲು ಸಿನಿಮಾ ದಾಟಿದ ಮೇಲೆ ಎಲ್ಲಿಂದಲೋ ಹುಟ್ಟುವುದು ಅದಕ್ಕೇ. ನನ್ನ ಮಟ್ಟಿಗೆ ಈ ಜಾತಿಯ ಸಿನಿಮಾಗಳ ಬಲು ದೊಡ್ಡ ಕೊರತೆ ಅದು. ಅಲ್ಲಿಯವರೆಗೆ ಬುದ್ಧಿವಂತರಾಗಿದ್ದ ಇಬ್ಬರೂ ಒಮ್ಮೆಲೇ ದಡ್ಡರಾಗುತ್ತಾರೆ.

ಇನ್ನು ಅಡುಗೆ. ಗಟ್ಟಿ ಯಾವುದು, ಪೊಳ್ಳು ಯಾವುದು ಅಂತ ತಿಳಿಯುವುದೇ ಇಲ್ಲಿ. ಮುಖ ಬಿಟ್ಟು ಕೈ ನೋಡಿ. ಬಾಗಲಕೋಟೆಯಲ್ಲಿ ನಮ್ಮ ವೈನಿಯ ಜೊತೆ ಕೂತು ಒಂದು ನೋಡಿದೆ. ನಾಯಕಿ ಹಿಟ್ಟು ನಾದುವ ದೃಶ್ಯ, ಹಿಂದೆ ಪಿಯಾನೋ. ವೈನಿ ಅಂದರು: "ಏ, ಬೆರಳಾಗಿನ ಉಂಗುರ ಸುದ್ದಾ ತಗದಿಲ್ಲ ನೋಡು ಆಕಿ. ಹಿಟ್ಟ ಎಂದರ ಮುಟ್ಟ್ಯಾಳೇನು?" ನನಗೆ ಆಮೇಲೆ ಉಂಗುರ ಬಿಟ್ಟು ಬೇರೇನೂ ಕಾಣಲಿಲ್ಲ.

ಊಟದ ಮೇಜಿನ ದೃಶ್ಯಗಳಲ್ಲಿ ಯಾರೂ ಸರಿಯಾಗಿ ಉಣ್ಣುವುದಿಲ್ಲ, ಗಮನಿಸಿದ್ದೀರಾ? ಅದಕ್ಕೆ ಕಾರಣವಿದೆ. ಒಂದೇ ದೃಶ್ಯವನ್ನು ಬೇರೆ ಬೇರೆ ಕೋನದಿಂದ ಹತ್ತಾರು ಸಲ ತೆಗೆಯುತ್ತಾರೆ. ಒಂದು ತುತ್ತು ತಿಂದರೆ ಪ್ರತಿ ಸಲ ಅದೇ ಮಾತಿಗೆ ಅದೇ ತುತ್ತು ತಿನ್ನಬೇಕು, ತಟ್ಟೆಯನ್ನೂ ಮೊದಲಿನಂತೆ ತುಂಬಬೇಕು. ಅದಕ್ಕೆ ಫೋರ್ಕಿನಿಂದ ಸುಮ್ಮನೆ ಕೆದಕುತ್ತಾರೆ. ಬಾಯಿಗಿಟ್ಟವರೂ ಕಟ್ ಅಂದಕೂಡಲೇ ಬಕೆಟ್ಟಿಗೆ ಉಗುಳುವುದುಂಟು. ಹೊಳೆಯುವ ತಿನಿಸಿಗೆ ಎಣ್ಣೆ ಸವರಿರುತ್ತಾರೆ. ಇಷ್ಟೆಲ್ಲ ಗೊತ್ತಾದ ಮೇಲೆ ಕಣ್ಣು ಮುಚ್ಚಿ "ಆಹಾ" ಅನ್ನುವ ನಟರ ಮೇಲೆ ನನಗೆ ಕನಿಕರವೇ ಜಾಸ್ತಿ.

ಹಾಗಾದರೆ ಚಲೋ ಸಿನಿಮಾದ ಶಕ್ತಿ ಏನು? ಅಡುಗೆ ಇಬ್ಬರನ್ನು ಒಂದೇ ಕೆಲಸಕ್ಕೆ ಹಚ್ಚುತ್ತದೆ. ನಮ್ಮ ಕಡೆಯದ್ದೇ ಯೋಚಿಸಿ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಅಂಟಿಕೊಳ್ಳುವ ಗುಣವಿಲ್ಲ. ಎಸರು ಕುದಿಸಿ ಹಾಕಿ, ಕೈ ಸುಡುತ್ತಿದ್ದರೂ ನಾದಬೇಕು. ಹಿಟ್ಟು ಹಳೆಯದಾಗಿದ್ದರೆ ಜಿಗಿ ಇರುವುದಿಲ್ಲ, ಬಡಿಯುವಾಗಲೇ ಅಂಚು ಬಿರಿಯುತ್ತದೆ. ವಿಜಯಪುರದ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು ಬೆಂಗಳೂರಿನಿಂದ ಬಂದ ಹುಡುಗನಿಗೆ ಕಲಿಸುತ್ತಿದ್ದಾಳೆ ಅಂದುಕೊಳ್ಳಿ. ಮೊದಲನೆಯದು ಹರಿದುಹೋಯಿತು, ಎರಡನೆಯದು ಹಂಚಿಗೆ ಹಾಕುವಾಗ ಮಡಚಿಕೊಂಡಿತು. ನಾಲ್ಕನೆಯದು ಉಬ್ಬಿದಾಗ ಆಕೆ ಏನೂ ಅನ್ನದೆ ಅದನ್ನು ತನ್ನ ರೊಟ್ಟಿಗಳ ಬುಟ್ಟಿಗೇ ಹಾಕಿದಳು. ಪ್ರೀತಿಯ ಮಾತೇ ಬೇಕಿಲ್ಲ ಅಲ್ಲಿ. ಒಳ್ಳೆಯ ಅಡುಗೆ-ಪ್ರೇಮದ ಸಿನಿಮಾದಲ್ಲಿ ಇಂಥದ್ದೊಂದು ದೃಶ್ಯವಾದರೂ ಇರುತ್ತದೆ. ಅಡುಗೆ ತೆಗೆದು ಹೂವಿನ ಅಂಗಡಿ ಇಟ್ಟರೂ ಕಥೆ ನಡೆಯುತ್ತದೆ ಅನ್ನಿಸಿದರೆ ಅದು ಪೊಳ್ಳು.

ದುಡ್ಡಿನ ವಿಷಯ ಮಾತ್ರ ಚಲೋ ಸಿನಿಮಾಗಳೂ ಮರೆಯುತ್ತವೆ. ಮುಳುಗುತ್ತಿರುವ ಬೇಕರಿ ಅನ್ನುತ್ತಾರೆ, ಬಾಡಿಗೆ ಎಷ್ಟು ಅಂತ ಯಾರೂ ಕೇಳುವುದಿಲ್ಲ. ನಮ್ಮ ಖಾನಾವಳಿಯ ಮಾಲೀಕರಾದರೆ 19 ಕಿಲೋ ಸಿಲಿಂಡರ್ ಎಷ್ಟು ದಿನ ಬರುತ್ತದೆ ಅನ್ನುವುದರಿಂದಲೇ ಮಾತು ಶುರು ಮಾಡುತ್ತಾರೆ.

ಅಂದಹಾಗೆ, ಆ ಉಂಗುರದ ಸಿನಿಮಾವನ್ನು ವೈನಿ ಅರ್ಧಕ್ಕೆ ಬಿಡಲಿಲ್ಲ. ಕೊನೆಯಲ್ಲಿ ನಾಯಕ ಮಂಡಿಯೂರಿ ಡಬ್ಬಿ ತೆರೆದಾಗ ಮೆಲ್ಲಗೆ ಕೇಳಿದರು: "ಆಕಿ ಬೆರಳಾಗ ಜಾಗಾ ಎಲ್ಲೈತೋ ಮಾರಾಯಾ?"