ನೆರೆ ಮರಳುತ್ತದೆಯೇ? ಚುಕ್ಕಿ ಇಟ್ಟು ನೋಡೋಣ

ಆಟಿ ತಿಂಗಳು ಬಂತು ಅಂದರೆ ಬಂಟ್ವಾಳದ ಕಡೆ ಹಳೆ ನೆರೆಗಳ ಮಾತು ಶುರುವಾಗುತ್ತದೆ. 1923ರದ್ದು, ಆಮೇಲೆ 1974ರದ್ದು. ಜೊತೆಗೇ ಮೊಬೈಲಿಗೊಂದು ಸಂದೇಶ ಬರುತ್ತದೆ: ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ, ಮಳೆಯೂ ಹಾಗೇ ಮರಳುತ್ತದೆ ಅಂತ. ಇದನ್ನು ಓದಿ ಹೆದರುವವರನ್ನು ಕಂಡರೆ ಸಂಕಟವಾಗುತ್ತದೆ. 60ರ ಲೆಕ್ಕ ಸುಮ್ನೆ ಹುಟ್ಟಿದ್ದಲ್ಲ. ಸೂರ್ಯನನ್ನು ಸುತ್ತಲು ಗುರುವಿಗೆ ಸುಮಾರು 12 ವರ್ಷ, ಶನಿಗೆ ಸುಮಾರು 30. 60 ವರ್ಷಕ್ಕೆ ಎರಡೂ ಹೆಚ್ಚುಕಡಿಮೆ ಹಳೆ ಜಾಗಕ್ಕೆ ಬರುತ್ತವೆ. ಆದರೆ ಅದು ಗ್ರಹಗಳ ಲೆಕ್ಕ, ನೇತ್ರಾವತಿಯದ್ದಲ್ಲ. ಆ ಎರಡು ನೆರೆಗಳ ನಡುವೆ ಇರುವುದೇ 51 ವರ್ಷ.

ಮರಳುವುದನ್ನು ಅಳೆಯಲು ಒಂದು ಚೆಂದದ ಉಪಾಯವಿದೆ. ಎಕ್‌ಮನ್, ಕಾಂಫೋರ್ಸ್ಟ್, ರುಯೆಲ್ ಎಂಬ ಮೂವರು 1987ರಲ್ಲಿ ಅದನ್ನು ಮುಂದಿಟ್ಟರು. ಮರುಕಳಿಕೆ ಚಿತ್ರ ಎನ್ನೋಣ. ಚೌಕದ ಹಾಳೆಯಲ್ಲಿ ಅಡ್ಡಕ್ಕೂ ಕಾಲ, ಉದ್ದಕ್ಕೂ ಕಾಲ. 5ನೇ ಗಂಟೆಯ ಸ್ಥಿತಿ 30ನೇ ಗಂಟೆಯ ಸ್ಥಿತಿಗೆ ಹತ್ತಿರವಿದ್ದರೆ, ಅವೆರಡೂ ಸೇರುವ ಚೌಕದಲ್ಲಿ ಒಂದು ಚುಕ್ಕಿ. ಇಲ್ಲದಿದ್ದರೆ ಖಾಲಿ. ಅಷ್ಟೇ!

ಸ್ಥಿತಿ ಅಂದರೆ ಬರೀ ಒಂದು ಅಳತೆಯಲ್ಲ. ಮಲ್ಪೆಯಲ್ಲಿ ನಿಂತು ನೀರಿನ ಮಟ್ಟ ಮಾತ್ರ ನೋಡಿದರೆ ಉಬ್ಬರವೋ ಇಳಿತವೋ ಗೊತ್ತಾಗುವುದಿಲ್ಲ. ಒಂದು ಗಂಟೆ ಹಿಂದಿನ ಮಟ್ಟವೂ ಬೇಕು. ಈಗಿನದ್ದು, ಸ್ವಲ್ಪ ಹಿಂದಿನದ್ದು, ಇನ್ನೂ ಹಿಂದಿನದ್ದು ಹೀಗೆ ಜೋಡಿಸಿದರೆ ಒಂದೇ ಅಳತೆಯಿಂದ ಇಡೀ ವ್ಯವಸ್ಥೆಯ ನಡೆಯನ್ನು ಹಿಡಿಯಬಹುದು ಎಂದು ಟಾಕನ್ಸ್ 1981ರಲ್ಲಿ ಗಣಿತದಿಂದ ತೋರಿಸಿದರು.

ಇನ್ನು ಗೆರೆಗಳು. ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ಇವೇ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಉಡುಪಿ ಬಸ್ಸೂ ತಲಪಾಡಿ ಬಸ್ಸೂ ಅಕ್ಕಪಕ್ಕ ನಿಂತಿವೆ. ಅದು ಒಂದು ಚುಕ್ಕಿ. ಹೊರಟ ಮೇಲೆ ಒಂದು ಬಡಗು ದಿಕ್ಕಿಗೆ, ಇನ್ನೊಂದು ತೆಂಕು ದಿಕ್ಕಿಗೆ. ಎರಡೂ ಉಡುಪಿ ಬಸ್ಸೇ ಆಗಿದ್ದರೆ? ಸುರತ್ಕಲ್, ಮೂಲ್ಕಿ, ಪಡುಬಿದ್ರಿ ಅಂತ ಒಟ್ಟಿಗೇ ಸಾಗುತ್ತವೆ. ಆಗ ಚುಕ್ಕಿಯ ಪಕ್ಕ ಚುಕ್ಕಿ ಬಿದ್ದು ಓರೆಗೆರೆ ಮೂಡುತ್ತದೆ. ಚೆಂಡೆಯ ಒಂದು ಪೆಟ್ಟು ಇನ್ನೊಂದರಂತೆ ಕೇಳಿದರೆ ಏನೂ ಗೊತ್ತಾಗದು. ಮುಂದಿನ ಪೆಟ್ಟುಗಳೂ ಹೊಂದುತ್ತಾ ಹೋದರೆ ತಾಳ ತಿರುಗಿ ಬಂತು ಎನ್ನಬಹುದು, ಅಲ್ವಾ? ಉದ್ದ ಗೆರೆಗಳು ಸಮ ಅಂತರದಲ್ಲಿ ಬಂದರೆ ಗಡಿಯಾರದಂಥ ಲಯ. ತುಂಡು ತುಂಡಾಗಿದ್ದರೆ, ಸ್ವಲ್ಪ ದೂರ ಜೊತೆಗೆ ನಡೆದು ಆಮೇಲೆ ಬೇರೆಯಾಗುವ ವ್ಯವಸ್ಥೆ. ಬರೀ ಚೆಲ್ಲಿದ ಚುಕ್ಕಿಗಳಾದರೆ ಆಕಸ್ಮಿಕ. ಒಟ್ಟು ಚುಕ್ಕಿಗಳಲ್ಲಿ ಎಷ್ಟು ಪಾಲು ಗೆರೆಯಲ್ಲಿವೆ ಎಂದು ಎಣಿಸುವ ಕ್ರಮವನ್ನು 1992ರಲ್ಲಿ ಜ್ಬಿಲುಟ್, ವೆಬ್ಬರ್ ಕೊಟ್ಟರು.

ನೆಟ್ಟಗೆ ನಿಂತ ಗೆರೆಗಳೂ ಇವೆ. ವ್ಯವಸ್ಥೆ ಒಂದೇ ಸ್ಥಿತಿಯಲ್ಲಿ ಸಿಕ್ಕಿಕೊಂಡಿದೆ ಎಂದು ಅವು ಹೇಳುತ್ತವೆ. ಹೃದಯದ ಲಯ ಅಪಾಯಕಾರಿಯಾಗಿ ತಪ್ಪುವ ಮುಂಚೆ ಇಂಥ ಸಿಕ್ಕು ಕಾಣುವುದನ್ನು ಸಂಶೋಧಕರು 2002ರಲ್ಲಿ ವರದಿ ಮಾಡಿದರು.

ಮರಳುವಿಕೆಯ ಗಣಿತದ ಬೇರು ಫ್ರಾನ್ಸಿನ ಗಣಿತಜ್ಞ ಪ್ವಾಂಕರೆ ಅವರದ್ದು. ಸ್ವೀಡನ್ನಿನ ರಾಜ ಎರಡನೇ ಆಸ್ಕರ್ ಹೆಸರಿನ ಬಹುಮಾನ ಅವರಿಗೆ 1889ರಲ್ಲಿ ಬಂತು. ಆಮೇಲೆ ಬಹುಮಾನ ಗೆದ್ದ ಪ್ರಬಂಧದಲ್ಲೇ ತಪ್ಪು ಸಿಕ್ಕಿತು. ಆಗಲೇ ಅಚ್ಚಾಗಿದ್ದ ಹಳೆ ಮುದ್ರಣದ ಖರ್ಚನ್ನು ಅವರೇ ತೆತ್ತರು: 3,585 ಕ್ರೋನಾ. ಬಹುಮಾನ ಬಂದಿದ್ದು 2,500! ತಿದ್ದಿ 1890ರಲ್ಲಿ ಅಚ್ಚಾದ ಆ ಪ್ರಬಂಧದಲ್ಲಿ ಮರುಕಳಿಕೆಯ ಪ್ರಮೇಯವಿದೆ: ಶಕ್ತಿ ಸೋರದೆ ಒಂದು ಮಿತಿಯೊಳಗೇ ಸುತ್ತುವ ವ್ಯವಸ್ಥೆ, ಹೊರಟ ಸ್ಥಿತಿಯ ಹತ್ತಿರಕ್ಕೆ ಮತ್ತೆ ಬಂದೇ ಬರುತ್ತದೆ. ಯಾವಾಗ ಎಂದು ಪ್ರಮೇಯ ಹೇಳುವುದಿಲ್ಲ. ಒಂದು ಬಾಟಲಿಯ ಗಾಳಿಗಾದರೂ ಅದು ವಿಶ್ವದ ವಯಸ್ಸಿಗಿಂತ ಎಷ್ಟೋ ಪಟ್ಟು ದೊಡ್ಡ ಕಾಲ. ಇನ್ನು ಬಿಸಿಲಿನ ಶಕ್ತಿ ಬಂದು ಹೋಗುತ್ತಲೇ ಇರುವ ನಮ್ಮ ವಾತಾವರಣಕ್ಕೆ ಈ ಮಾತು ನೇರವಾಗಿ ಒಪ್ಪುವುದೂ ಇಲ್ಲ.

1923 ಮತ್ತು 1974 ನಮ್ಮ ಹಾಳೆಯಲ್ಲಿ ಒಂದು ಚುಕ್ಕಿ. ಪ್ರತಿ ವರ್ಷ ತನ್ನನ್ನು ತಾನೇ ಹೋಲುವುದರಿಂದ ಮೂಲೆಯಿಂದ ಮೂಲೆಗೆ ಒಂದು ನಡುಗೆರೆ ಹೇಗೂ ಇರುತ್ತದೆ. ಮಳೆಗೆ 60 ವರ್ಷದ ಲಯ ಇದೆ ಎನ್ನಬೇಕಾದರೆ ಅದರಿಂದ 60 ಚೌಕ (ವರ್ಷಕ್ಕೊಂದು ಚೌಕ) ಆಚೆ ಉದ್ದನೆಯ ಗೆರೆ ಕಾಣಬೇಕು. ಅದಕ್ಕೆ ನೂರಾರು ವರ್ಷಗಳ ಮಳೆ ಲೆಕ್ಕ ಬೇಕು.

ಗೆರೆ ನೋಡುವ ಆಸೆಯಿದ್ದರೆ ಸಮುದ್ರ ಸುಲಭ. ಪಣಂಬೂರಿನ ನೀರಿನ ಮಟ್ಟವನ್ನು ಗಂಟೆಗೊಮ್ಮೆಯಂತೆ ಮೂರು ದಿನ ಬರೆದುಕೊಳ್ಳಿ. ಅಡ್ಡಕ್ಕೆ 72, ಉದ್ದಕ್ಕೆ 72 ಚೌಕದ ಹಾಳೆ ಸಾಕು. ಉಬ್ಬರ 12 ಗಂಟೆ 25 ನಿಮಿಷಕ್ಕೊಮ್ಮೆ ಬರುತ್ತದೆ. ಆದರೆ ನಮ್ಮ ಕರಾವಳಿಯಲ್ಲಿ ದಿನದ ಎರಡು ಉಬ್ಬರಗಳ ಎತ್ತರ ಒಂದೇ ಅಲ್ಲ. ಹಾಗಾಗಿ ನಡುಗೆರೆಯಿಂದ 12ನೇ ಚೌಕದ ಹತ್ತಿರದ ಗೆರೆ ಅಲ್ಲಲ್ಲಿ ಕಡಿದಿರುತ್ತದೆ. ಗಟ್ಟಿ ಗೆರೆ ಸಿಗುವುದು 25ನೇ ಚೌಕದ ಹತ್ತಿರ.