ಅಂಗಡಿ ಬಾಗಿಲಲ್ಲಿ ‘ಗನ್ ತರಬೇಡಿ’ ಬೋರ್ಡ್: ಟೆಕ್ಸಸ್‌ನಲ್ಲಿ ಲೈಸೆನ್ಸ್ ಇದ್ದವರು ಏನು ಮಾಡಬೇಕು?

ಪ್ರಶ್ನೆ: ಟೆಕ್ಸಸ್‌ನಲ್ಲಿದ್ದೇನೆ. ಗ್ರೀನ್ ಕಾರ್ಡ್ ಇದೆ, ಪಿಸ್ತೂಲಿನ ಲೈಸೆನ್ಸೂ ಇದೆ. ಅಂಗಿಯೊಳಗೆ ಯಾರಿಗೂ ಕಾಣದಂತೆ ಇಟ್ಟುಕೊಂಡು ಓಡಾಡುತ್ತೇನೆ. ಕೆಲವು ಅಂಗಡಿಗಳ ಬಾಗಿಲಲ್ಲಿ ಗನ್ನಿನ ಚಿತ್ರದ ಮೇಲೆ ಕೆಂಪು ಅಡ್ಡಗೆರೆ ಇರುತ್ತದೆ, ಇನ್ನು ಕೆಲವು ಕಡೆ ಉದ್ದನೆಯ ಬರಹ. ಹೇಗೂ ಹೊರಗೆ ಕಾಣುವುದಿಲ್ಲವಲ್ಲ, ಒಳಗೆ ಹೋದರೆ ತಪ್ಪೇ? ಸಿಕ್ಕಿಬಿದ್ದರೆ ಏನಾಗುತ್ತದೆ?

ಉತ್ತರ: ಉದ್ದನೆಯ ಬರಹದ ಬೋರ್ಡಿನಲ್ಲಿ 30.06 ಎಂಬ ಸಂಖ್ಯೆ ಇದ್ದರೆ, ಹೌದು, ಅಪರಾಧ. ಕಂಡಿತೋ ಇಲ್ಲವೋ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ನಿಮಗೆ ‘ತರಬೇಡಿ’ ಎಂಬ ಸೂಚನೆ ಸಿಕ್ಕಿತ್ತೇ, ಸಿಕ್ಕ ಮೇಲೂ ಒಳಗೆ ಹೋದಿರೇ ಎಂಬುದನ್ನಷ್ಟೇ ಕಾನೂನು ನೋಡುತ್ತದೆ. ಬಟ್ಟೆಯೊಳಗೆ ಅಡಗಿದ್ದ ಪಿಸ್ತೂಲು ಬಯಲಾಗುವ ಸಂದರ್ಭಗಳೂ ಬಹಳ ಸಾಮಾನ್ಯವಾದವೇ: ಕೆಳಗಿನ ಸಾಲಿನ ಅಕ್ಕಿ ಮೂಟೆ ಎತ್ತಲು ಬಗ್ಗಿದಾಗ, ಮೇಲಿನ ಕಪಾಟಿಗೆ ಕೈ ಚಾಚಿದಾಗ, ಮಗುವನ್ನು ಎತ್ತಿಕೊಂಡಾಗ ಅಂಗಿ ಮೇಲೇರುತ್ತದೆ.

ಟೆಕ್ಸಸ್‌ನಲ್ಲಿ ಲೈಸೆನ್ಸ್ ಇರುವವರು ಮರೆಯಲ್ಲಿಟ್ಟ ಪಿಸ್ತೂಲಿನೊಂದಿಗೆ ಖಾಸಗಿ ಜಾಗಕ್ಕೆ ಹೋಗುವುದಕ್ಕೆ ಸಂಬಂಧಿಸಿದ್ದು ಆ ರಾಜ್ಯದ ದಂಡ ಸಂಹಿತೆಯಾದ ಪೀನಲ್ ಕೋಡ್‌ನ ಸೆಕ್ಷನ್ 30.06. ಹೊರಗೆ ಕಾಣುವಂತೆ ಸಿಕ್ಕಿಸಿಕೊಂಡವರಿಗೆ 30.07. ಬೋರ್ಡ್ ಹೇಗಿರಬೇಕೆಂದು 30.06 ಅಕ್ಷರದ ಅಳತೆವರೆಗೂ ಹೇಳಿದೆ. ಕಾನೂನಿನಲ್ಲಿ ಕೊಟ್ಟ ವಾಕ್ಯವೇ ಇರಬೇಕು, ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಇರಬೇಕು. ಅಕ್ಷರ ಕನಿಷ್ಠ 1 ಇಂಚು ಎತ್ತರದ, ಬಿಡಿಬಿಡಿಯಾದ ಅಚ್ಚಕ್ಷರ (ಬ್ಲಾಕ್ ಲೆಟರ್) ಆಗಿರಬೇಕು, ಹಿನ್ನೆಲೆಯ ಬಣ್ಣದಿಂದ ಎದ್ದು ಕಾಣಬೇಕು, ಜನರ ಕಣ್ಣಿಗೆ ಬೀಳುವ ಜಾಗದಲ್ಲಿರಬೇಕು. ಇಷ್ಟು ಅಕ್ಷರ ಹಿಡಿಸಬೇಕಾದ್ದರಿಂದ ಬೋರ್ಡ್ ಸಾಕಷ್ಟು ದೊಡ್ಡದಾಗಿಯೇ ಇರುತ್ತದೆ. ಇಂಗ್ಲಿಷ್ ಸಾಲು ‘ಪರ್ಸುಯಂಟ್ ಟು ಸೆಕ್ಷನ್ 30.06’ ಎಂದು ಶುರುವಾಗುತ್ತದೆ. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ಆ ಸಂಖ್ಯೆಯನ್ನು ಹುಡುಕಿ.

ಹಾಗಾದರೆ ಬರೀ ಚಿತ್ರದ ಸ್ಟಿಕರ್? ಲೈಸೆನ್ಸ್ ಇರುವವರ ಮಟ್ಟಿಗೆ ಅದು 30.06 ಕೇಳುವ ಸೂಚನೆಯಲ್ಲ. ಆದರೆ ಇದನ್ನು ಕೇಳಿ ನಿರಾಳವಾಗಬೇಡಿ. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನಲ್ಲಿ 21 ವರ್ಷ ತುಂಬಿದ, ಬೇರೆ ಕಾನೂನು ತೊಡಕಿಲ್ಲದವರು ಲೈಸೆನ್ಸ್ ಇಲ್ಲದೆಯೂ ಪಿಸ್ತೂಲು ಒಯ್ಯಬಹುದು. ಅವರಿಗೆ ಅನ್ವಯಿಸುವುದು ಸಾಮಾನ್ಯ ಅತಿಕ್ರಮ ಪ್ರವೇಶದ ಸೆಕ್ಷನ್ 30.05. ಅದರಡಿ ಸೂಚನೆಯ ನಿಯಮ ಸಡಿಲ, ಚಿತ್ರದ ಸ್ಟಿಕರ್ ಕೂಡ ಸೂಚನೆಯೇ ಎಂದು ಪೊಲೀಸರು ವಾದಿಸಲು ಅವಕಾಶವಿದೆ. ಅಂದರೆ ಒಂದೇ ಸ್ಟಿಕರ್ ನಿಮಗೊಂದು, ನಿಮ್ಮ ಪಕ್ಕದಲ್ಲಿರುವ ಲೈಸೆನ್ಸ್ ಇಲ್ಲದ ಗೆಳೆಯನಿಗೆ ಇನ್ನೊಂದು ಅರ್ಥ ಕೊಡುತ್ತದೆ. ಲೈಸೆನ್ಸ್ ಮನೆಯಲ್ಲಿ ಮರೆತ ದಿನ ನೀವೂ ಇಕ್ಕಟ್ಟಿಗೆ ಸಿಗಬಹುದು.

ಇನ್ನೊಂದು ಕಡೆಯೂ ಜನ ಎಡವುತ್ತಾರೆ. 30.07ರ ಬೋರ್ಡ್ ಪ್ರತಿ ಬಾಗಿಲಲ್ಲೂ ಇರಬೇಕೆಂದು ಕಾನೂನು ಹೇಳುತ್ತದೆ. 30.06ಕ್ಕೆ ಆ ಮಾತಿಲ್ಲ, ಎದ್ದು ಕಾಣುವಂತಿದ್ದರೆ ಸಾಕು. ಆದ್ದರಿಂದ ಮಾಲ್‌ನ ಪಕ್ಕದ ಬಾಗಿಲಿಂದ ಬಂದೆ, ಅಲ್ಲಿ ಬೋರ್ಡ್ ಇರಲಿಲ್ಲ ಎಂಬ ಮಾತು ನೀವು ಅಂದುಕೊಂಡಷ್ಟು ಗಟ್ಟಿಯಾದ ರಕ್ಷಣೆಯಲ್ಲ. ಹಾಗೆಯೇ 30.07ರ ಬೋರ್ಡ್ ಮಾತ್ರ ಇದ್ದರೆ ಆ ಅಂಗಡಿ ತಡೆಯುತ್ತಿರುವುದು ಹೊರಗೆ ಕಾಣುವ ಪಿಸ್ತೂಲನ್ನು ಮಾತ್ರ. ಎರಡು ಬೋರ್ಡ್‌ಗಳೂ ದೂರದಿಂದ ಒಂದೇ ಥರ ಕಾಣುವುದರಿಂದ ಸಂಖ್ಯೆ ಓದುವುದು ಮುಖ್ಯ.

ಬೋರ್ಡಿಗಿಂತ ಬಾಯಿಮಾತು ದೊಡ್ಡದು. ಮಾಲೀಕರೋ ಮ್ಯಾನೇಜರೋ ಅವರ ಪರವಾಗಿ ಮಾತಾಡುವ ಅಧಿಕಾರ ಇದ್ದಂತೆ ಕಾಣುವ ಬೇರೆ ಯಾರೋ ಬಂದು ‘ಗನ್ ಇಟ್ಟುಕೊಂಡು ಇಲ್ಲಿರುವಂತಿಲ್ಲ’ ಎಂದರೆ ಅದೇ ಪೂರ್ಣ ಸೂಚನೆ. ಬೋರ್ಡಿನ ಅಕ್ಷರ ಮುಕ್ಕಾಲು ಇಂಚಿದೆ, ಸ್ಪ್ಯಾನಿಷ್ ಇಲ್ಲ ಎಂದು ಆಗ ವಾದಕ್ಕೆ ನಿಲ್ಲಬಾರದು. ಬೋರ್ಡ್ ದಾಟಿ ಒಳಗೆ ಹೋದದ್ದಷ್ಟೇ ಆದರೆ ಅದು ಸಿ ದರ್ಜೆಯ ಮಿಸ್‌ಡಿಮೀನರ್ (ಸಣ್ಣ ಅಪರಾಧ), ದಂಡ ಹೆಚ್ಚೆಂದರೆ 200 ಡಾಲರ್. ಬಾಯಿಬಿಟ್ಟು ಹೇಳಿದ ಮೇಲೂ ಹೊರಡದಿದ್ದರೆ ಅದೇ ಎ ದರ್ಜೆಗೆ ಏರುತ್ತದೆ: ಒಂದು ವರ್ಷದವರೆಗೆ ಜೈಲು, 4,000 ಡಾಲರ್‌ವರೆಗೆ ದಂಡ. ‘ಸರಿ, ಹೊರಡುತ್ತೇನೆ’ ಎಂದು ಕೈಯನ್ನು ಸೊಂಟದಿಂದ ದೂರವಿಟ್ಟು ನೇರವಾಗಿ ಬಾಗಿಲ ಕಡೆ ನಡೆಯಿರಿ. ಬುಟ್ಟಿಯಲ್ಲಿರುವ ಸಾಮಾನಿನ ಬಿಲ್ ಮಾಡಿಸಿಯೇ ಹೋಗುತ್ತೇನೆ ಎನ್ನುವುದೂ ಬೇಡ.

ಕಂಪನಿಯ ಕೋರಿಕೆ ಮತ್ತು ಕಾನೂನಿನ ಸೂಚನೆ ಬೇರೆಬೇರೆ. ಸ್ಟಾರ್‌ಬಕ್ಸ್ 2013ರಲ್ಲಿ ಗನ್ ತರಬೇಡಿ ಎಂದು ಗ್ರಾಹಕರನ್ನು ಕೇಳಿಕೊಂಡಿತು. ಅದು ನಿಷೇಧವಲ್ಲ, ವಿನಂತಿ ಎಂದು ತಾನೇ ಹೇಳಿತ್ತು. ಟೆಕ್ಸಸ್‌ನ ಎಲ್ ಪಾಸೊ ನಗರದ ತನ್ನ ಅಂಗಡಿಯಲ್ಲಿ 2019ರ ಆಗಸ್ಟ್ 3ರಂದು ನಡೆದ ಹತ್ಯಾಕಾಂಡದ ಮರುತಿಂಗಳು ವಾಲ್‌ಮಾರ್ಟ್, ಹೊರಗೆ ಕಾಣುವಂತೆ ಗನ್ ಹಿಡಿದು ಬರಬೇಡಿ ಎಂದು ಕೇಳಿಕೊಂಡಿತು. ಇಂಥ ಹೇಳಿಕೆಯನ್ನು ಸುದ್ದಿಯಲ್ಲಿ ಓದಿದ ಮಾತ್ರಕ್ಕೆ ಅದು 30.06ರ ಬೋರ್ಡಿಗೆ ಸಮನಾಗದು. ಆದರೂ ಜಾಗ ಅವರದು. ಕೇಳಿಕೊಂಡಿದ್ದಾರೆ ಎಂದು ಗೊತ್ತಿದ್ದರೆ ಪಾಲಿಸುವುದೇ ಸರಿ.

ಬಾರ್‌ಗಳ ವಿಷಯದಲ್ಲಿ ಮಾತ್ರ ಈ ಲೆಕ್ಕವೇ ಬೇರೆ. ಅಲ್ಲೇ ಕುಳಿತು ಕುಡಿಯುವ ಮದ್ಯದ ಮಾರಾಟದಿಂದ 51% ಅಥವಾ ಹೆಚ್ಚು ಆದಾಯ ಬರುವ ಜಾಗಗಳ ಬಾಗಿಲಲ್ಲಿ ಕೆಂಪು ಅಕ್ಷರದ ‘51%’ ಬೋರ್ಡ್ ಇರುತ್ತದೆ. ಅಲ್ಲಿ ಪಿಸ್ತೂಲು ಒಯ್ಯುವುದು ಸೆಕ್ಷನ್ 46.03ರ ಪ್ರಕಾರ ಮೂರನೇ ದರ್ಜೆಯ ಫೆಲನಿ (ಗಂಭೀರ ಅಪರಾಧ), 2ರಿಂದ 10 ವರ್ಷ ಜೈಲಿನ ಅಪರಾಧ. ಊಟಕ್ಕೆ ಹೋಗುವ ರೆಸ್ಟೊರೆಂಟ್ ಬಿಯರ್ ಮಾರಿದ ಮಾತ್ರಕ್ಕೆ ಈ ಪಟ್ಟಿಗೆ ಸೇರುವುದಿಲ್ಲ, ಅಲ್ಲಿ 30.06 ಇದೆಯೇ ಎಂದಷ್ಟೇ ನೋಡಬೇಕು. ಆದರೆ ಅಮಲಿನಲ್ಲಿ ಪಿಸ್ತೂಲು ಒಯ್ಯುವುದೇ ಬೇರೆ ಅಪರಾಧ. ಗ್ಲಾಸು ಎತ್ತುವ ಸಂಜೆ ಪಿಸ್ತೂಲು ಮನೆಯ ಲಾಕರಿನಲ್ಲಿರಲಿ.

ಈಗ ನಿಮ್ಮ ಪ್ರಶ್ನೆಯ ಎರಡನೇ ಭಾಗ. ಗ್ರೀನ್ ಕಾರ್ಡಿನವರಿಗೆ 200 ಡಾಲರ್ ದಂಡ ಎನ್ನುವುದು ಬರೀ 200 ಡಾಲರ್ ಅಲ್ಲ. ಟೆಕ್ಸಸ್‌ನಲ್ಲಿ ಸಿ ದರ್ಜೆಯ ಟಿಕೆಟಿಗೆ (ಪೊಲೀಸರು ಬರೆದುಕೊಡುವ ಕೇಸಿನ ಚೀಟಿಗೆ) ಕೋರ್ಟಿನ ಕಿಟಕಿಯಲ್ಲಿ ದುಡ್ಡು ಕಟ್ಟಿ ಬಂದರೆ, ಆರೋಪಕ್ಕೆ ಪ್ರತಿವಾದ ಮಾಡುವುದಿಲ್ಲ ಎಂದು ಒಪ್ಪಿಕೊಂಡಂತೆ; ಅದು ಶಿಕ್ಷೆಯಾಗಿ ದಾಖಲಾಗುತ್ತದೆ. ಕೇಂದ್ರದ ವಲಸೆ ಕಾನೂನಿನಲ್ಲಿ ಕಾನೂನು ಮೀರಿ ಗನ್ ಇಟ್ಟುಕೊಂಡ ಅಥವಾ ಒಯ್ದ ಅಪರಾಧಕ್ಕೆ ಶಿಕ್ಷೆಯಾದ ವಿದೇಶಿ ಪ್ರಜೆಯನ್ನು ಗಡೀಪಾರು ಮಾಡಲು ಪ್ರತ್ಯೇಕ ಕಲಮೇ ಇದೆ. ಬಾರಿನಲ್ಲಿ ಸಿಕ್ಕ ಫೆಲನಿ ಕೇಸು ನೇರವಾಗಿ ಅದರ ಬಾಯಿಗೆ ಬೀಳುತ್ತದೆ. 30.06ರ ಸಣ್ಣ ಶಿಕ್ಷೆಯೂ ಅದರಡಿ ಬರುತ್ತದೆಯೇ ಎಂಬುದು ವಕೀಲರು ವಾದಿಸಬೇಕಾದ ವಿಷಯ, ಟಿಕೆಟ್ ಕೈಯಲ್ಲಿ ಹಿಡಿದು ನೀವೊಬ್ಬರೇ ತೀರ್ಮಾನಿಸುವಂಥದ್ದಲ್ಲ. ಪೌರತ್ವದ ಅರ್ಜಿಯಲ್ಲಿ ಬಂಧನ, ಟಿಕೆಟ್ ಎಲ್ಲವನ್ನೂ ಕೇಳುತ್ತಾರೆ. ಆದ್ದರಿಂದ ಟಿಕೆಟ್ ಬಂದರೆ ಆನ್‌ಲೈನಿನಲ್ಲಿ ದುಡ್ಡು ಕಟ್ಟಿ ಕೈತೊಳೆದುಕೊಳ್ಳಬೇಡಿ. ಅದರ ಮೇಲಿರುವ ಹಾಜರಾತಿ ದಿನಾಂಕದೊಳಗೆ ಕ್ರಿಮಿನಲ್ ವಕೀಲರನ್ನೂ ವಲಸೆ ವಕೀಲರನ್ನೂ ಕಾಣಿರಿ, ಆಮೇಲೆ ಮುಂದಿನ ಹೆಜ್ಜೆ.

ಎಚ್‌-1ಬಿ, ಎಚ್‌-4, ಎಲ್‌-1, ಎಫ್‌-1 ಅಥವಾ ಪ್ರವಾಸಿ ವೀಸಾದಲ್ಲಿರುವವರ ಕಥೆ ಇದಕ್ಕಿಂತ ಬಿಗಿ. ತಾತ್ಕಾಲಿಕ ವೀಸಾದವರು ಬಂದೂಕು ಅಥವಾ ಗುಂಡು ಇಟ್ಟುಕೊಳ್ಳುವುದನ್ನೇ ಕೇಂದ್ರ ಕಾನೂನು ನಿಷೇಧಿಸುತ್ತದೆ. ಶಿಕ್ಷೆ 15 ವರ್ಷದವರೆಗೆ. ಬೇಟೆಯ ಲೈಸೆನ್ಸ್ ಇರುವವರಿಗೆ ಮುಂತಾದ ಕೆಲವು ವಿನಾಯಿತಿಗಳಿವೆ, ಆದರೆ ಅವನ್ನು ನಂಬಿ ಹೊರಡುವ ಮೊದಲು ವಕೀಲರ ಬಳಿ ಲಿಖಿತ ಸಲಹೆ ಬೇಕು. ಟೆಕ್ಸಸ್ ಲೈಸೆನ್ಸ್ ಇಲ್ಲದೆಯೂ ಒಯ್ಯಲು ಬಿಡುತ್ತದೆ ಎಂಬ ಮಾತು ಇವರ ಪಾಲಿಗೆ ಇಲ್ಲವೇ ಇಲ್ಲ. ಊರಿಂದ ಬಂದ ಅಪ್ಪ-ಅಮ್ಮನನ್ನು ಶೂಟಿಂಗ್ ರೇಂಜಿಗೆ ಕರೆದೊಯ್ದು ಒಂದು ಸಲ ಹಿಡಿದು ನೋಡಿ ಎಂದು ಕೈಗೆ ಕೊಡುವುದೂ ಇದೇ ನಿಷೇಧದೊಳಗೆ ಬರುತ್ತದೆ. ನೀವು ಗ್ರೀನ್ ಕಾರ್ಡಿನವರಾಗಿ, ಮನೆಯಲ್ಲಿ ವೀಸಾದ ಮೇಲಿರುವ ತಮ್ಮನೋ ನಾದಿನಿಯೋ ಇದ್ದರೆ ಲಾಕರಿನ ಕೀಲಿ ಅವರ ಕೈಗೆ ಸಿಗದಂತಿರಬೇಕು. ಅದು ಅವರನ್ನು ಕಾಯುವ ಕೆಲಸ.

ಬೋರ್ಡ್ ಕಂಡ ಮೇಲೆ ಪಿಸ್ತೂಲನ್ನು ಕಾರಿನಲ್ಲಿಟ್ಟು ಹೋಗುವುದು ಎಲ್ಲರೂ ಮಾಡುವ ಕೆಲಸ, ಹೆಚ್ಚು ಕೆಡುವುದೂ ಅಲ್ಲೇ. ಕಾರಿನಿಂದ ಗನ್ ಕದಿಯುವವರು ಪಾರ್ಕಿಂಗ್ ಲಾಟ್‌ನಲ್ಲಿ ಯಾರು ಸೀಟಿನಡಿ ಬಗ್ಗುತ್ತಿದ್ದಾರೆ ಎಂದು ನೋಡುತ್ತಿರುತ್ತಾರೆ. ಆದ್ದರಿಂದ ಹೋಗುವ ಜಾಗದ ಬೋರ್ಡ್ ಗೊತ್ತಿದ್ದರೆ ಮನೆಯಲ್ಲೇ ಬಿಟ್ಟು ಬನ್ನಿ. ಬಿಡಲಾಗದಿದ್ದರೆ ಒಂದು ಮೈಲಿ ಮೊದಲೇ, ಜನ ಇಲ್ಲದ ಕಡೆ ನಿಲ್ಲಿಸಿ ಲಾಕ್ ಮಾಡಿ. ಹೋಲ್ಸ್ಟರಿನಿಂದ (ಸೊಂಟಕ್ಕೆ ಕಟ್ಟುವ ಪಿಸ್ತೂಲಿನ ಒರೆಯಿಂದ) ಪಿಸ್ತೂಲನ್ನು ಎಳೆಯದೆ ಹೋಲ್ಸ್ಟರಿನ ಸಮೇತ ಬಿಚ್ಚಿ. ಟ್ರಿಗರ್ ಮುಚ್ಚಿರುವುದರಿಂದ ಇಕ್ಕಟ್ಟಿನ ಸೀಟಿನಲ್ಲಿ ಬೆರಳು ತಾಗಿ ಗುಂಡು ಹಾರುವ ಅಪಾಯ ತಪ್ಪುತ್ತದೆ. ಕಾರಿನಲ್ಲಿ ಕುಳಿತು ಗುಂಡು ತೆಗೆಯುವುದು, ತುಂಬುವುದು ಬೇಡವೇ ಬೇಡ. ಸೀಟಿನ ಚೌಕಟ್ಟಿಗೆ ಉಕ್ಕಿನ ಕೇಬಲ್‌ನಿಂದ ಬಿಗಿದ ಲಾಕ್‌ಬಾಕ್ಸ್ ಬಳಸಿ. ಕಾರಿನ ಗ್ಲೋವ್‌ಬಾಕ್ಸ್‌ನ ಬೀಗ ಬೀಗವೇ ಅಲ್ಲ, ಕಿಟಕಿ ಒಡೆದವನಿಗೆ ಅದನ್ನು ತೆರೆಯಲು ಸ್ಕ್ರೂಡ್ರೈವರ್ ಸಾಕು.

ಮಕ್ಕಳನ್ನು ಕಾರಿನಲ್ಲಿ ಕೂರಿಸಿ ‘ಎರಡೇ ನಿಮಿಷ’ ಎಂದು ಅಂಗಡಿಗೆ ಓಡುವವರು ಇದನ್ನು ಗಮನಿಸಬೇಕು: ಗುಂಡು ತುಂಬಿದ ಗನ್ 17 ವರ್ಷದೊಳಗಿನವರ ಕೈಗೆ ಸಿಗುವಂತೆ ಬಿಡುವುದು ಟೆಕ್ಸಸ್‌ನಲ್ಲಿ ಅಪರಾಧ. ಮಗು ಅದನ್ನು ಹಾರಿಸಿ ಯಾರಿಗಾದರೂ ತೀವ್ರ ಗಾಯವಾದರೆ ಅಥವಾ ಜೀವ ಹೋದರೆ ಎ ದರ್ಜೆ. ಕೇಸಿನ ದರ್ಜೆ ಹಾಗಿರಲಿ, ಆ ಎರಡು ನಿಮಿಷವನ್ನು ಆಮೇಲೆ ಯಾರೂ ಹಿಂದಕ್ಕೆ ತರಲಾರರು.

ಕೆಲಸದ ಜಾಗದಲ್ಲಿ ಒಂದು ಅನುಕೂಲವಿದೆ. ಕಾನೂನುಬದ್ಧವಾಗಿ ಇಟ್ಟುಕೊಂಡ ಗನ್ ಅನ್ನು ಉದ್ಯೋಗಿ ತನ್ನ ಬೀಗ ಹಾಕಿದ ಸ್ವಂತ ಕಾರಿನಲ್ಲಿ ಕಂಪನಿಯ ಪಾರ್ಕಿಂಗ್ ಲಾಟ್‌ನಲ್ಲಿ ಇಡುವುದನ್ನು ಉದ್ಯೋಗದಾತರು, ಕೆಲವು ಅಪವಾದಗಳನ್ನು ಬಿಟ್ಟು, ತಡೆಯುವಂತಿಲ್ಲ. ಕಚೇರಿಯ ಕಟ್ಟಡದೊಳಕ್ಕೆ ಅವರದೇ ನಿಯಮ, ಮೀರಿದರೆ ಕೆಲಸ ಹೋಗಬಹುದು.

ರಾಜ್ಯದ ಗಡಿ ದಾಟಿದರೆ ಇಲ್ಲಿ ಕಲಿತದ್ದನ್ನು ಅಲ್ಲಿಗೆ ಒಯ್ಯಬೇಡಿ. ಇಲಿನಾಯ್‌ನಲ್ಲಿ 4 ಇಂಚು ಅಗಲ, 6 ಇಂಚು ಉದ್ದದ ಚಿತ್ರದ ಸ್ಟಿಕರ್ರೇ ಕಾನೂನಿನ ಬೋರ್ಡ್. ಟೆಕ್ಸಸ್‌ನ ಅಭ್ಯಾಸದಲ್ಲಿ ಅದನ್ನು ಕಡೆಗಣಿಸಿದರೆ ಕೇಸು. ಫ್ಲೋರಿಡಾದಲ್ಲಿ ಸಾಮಾನ್ಯ ಅಂಗಡಿಯ ಬೋರ್ಡಿಗೆ ಅಷ್ಟು ಬಲವಿಲ್ಲ, ಆದರೆ ಹೊರಡಿ ಎಂದ ಮೇಲೆ ಗನ್ ಸಮೇತ ಉಳಿದರೆ ಫೆಲನಿಯಾಗುತ್ತದೆ. ಹವಾಯಿ 2023ರಲ್ಲಿ ಲೆಕ್ಕವನ್ನೇ ತಿರುಗಿಸಿ, ಮಾಲೀಕರು ಒಪ್ಪಿಗೆ ಕೊಟ್ಟರೆ ಮಾತ್ರ ಒಳಗೆ ತರಬಹುದು ಎಂಬ ಕಾನೂನು ಮಾಡಿತು. ಆ ವಿವಾದ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಪ್ರವಾಸಕ್ಕೆ ಮೊದಲು ಆ ರಾಜ್ಯದ ಸರ್ಕಾರಿ ಪುಟವನ್ನೇ ಓದಿ.

ಕೊನೆಯದಾಗಿ, ಇದೇ ಕಾನೂನನ್ನು ಬಾಗಿಲಿನ ಒಳಗಿನಿಂದ ನೋಡುವವರಿಗೆ: ದಿನಸಿ ಅಂಗಡಿ, ಉಪಾಹಾರ ಗೃಹ, ದೇವಸ್ಥಾನ ನಡೆಸುವವರಿಗೆ. 2019ರ ಸೆಪ್ಟೆಂಬರಿನಿಂದ ಟೆಕ್ಸಸ್‌ನ ಪ್ರಾರ್ಥನಾ ಸ್ಥಳಗಳೂ ಇತರ ಖಾಸಗಿ ಜಾಗಗಳಂತೆಯೇ. ದೇವಸ್ಥಾನ ಎಂದ ಮಾತ್ರಕ್ಕೆ ನಿಷೇಧ ತಾನಾಗಿ ಬರುವುದಿಲ್ಲ, ಟ್ರಸ್ಟಿನವರು ಸೂಚನೆ ಕೊಡಬೇಕು. ಎಲ್ಲರನ್ನೂ ತಡೆಯಬೇಕಾದರೆ 30.05, 30.06, 30.07 ಮೂರೂ ಬೋರ್ಡ್ ಹಾಕಬೇಕು, ಪ್ರತಿ ಬಾಗಿಲಲ್ಲೂ ಹಾಕುವುದು ಒಳ್ಳೆಯದು. ಗಾಜಿನ ಮೇಲೆ ಬರೀ ಬಿಳಿ ಅಕ್ಷರ ಅಂಟಿಸಿದರೆ ಹಗಲಿನ ಹೊಳಪಿನಲ್ಲಿ ಓದಲಾಗುವುದಿಲ್ಲ. ಕಪ್ಪು ಹಿನ್ನೆಲೆ ಕೊಡಿ. ತಾನಾಗಿ ಸರಿಯುವ ಬಾಗಿಲಿನ ಮೇಲೆ ಅಂಟಿಸಿದರೆ ಗ್ರಾಹಕ ಹತ್ತಿರ ಬರುವ ಹೊತ್ತಿಗೆ ಬೋರ್ಡ್ ಪಕ್ಕಕ್ಕೆ ಸರಿದು ಮರೆಯಾಗಿರುತ್ತದೆ. ಪಕ್ಕದ ಅಲುಗಾಡದ ಗಾಜಿಗೆ, ಕಣ್ಣಿನ ಎತ್ತರಕ್ಕೆ ಹಾಕಿ. ಯಾರ ಬಳಿಯಾದರೂ ಪಿಸ್ತೂಲು ಕಂಡರೆ ಕೌಂಟರಿನಲ್ಲಿರುವವರು ಹತ್ತಿರ ಹೋಗಿ ತಡಕಾಡಬಾರದು. ದೂರದಿಂದಲೇ, ಮೆತ್ತಗೆ, ಒಂದೇ ವಾಕ್ಯದಲ್ಲಿ ‘ದಯವಿಟ್ಟು ಅದನ್ನು ಕಾರಿನಲ್ಲಿಟ್ಟು ಬನ್ನಿ’ ಎಂದು ಹೇಳಬೇಕು. ಹೇಳಿದ ಸಮಯವನ್ನು ಬರೆದಿಡಬೇಕು. ಆಮೇಲೂ ಹೊರಡದಿದ್ದರೆ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಬೇಕು.