ಸೆಂಟಿಮೀಟರ್ ಲೆಕ್ಕ ಸಾಕು ಮಾಡಿ

ಅಡಿಕೆ ಸೊಸೈಟಿಯ ಪ್ಲಾಸ್ಟಿಕ್ ಕವರಿನಿಂದ ಸ್ಕ್ಯಾನಿಂಗ್ ರಿಪೋರ್ಟ್ ಹೊರಗೆ ಬರುತ್ತದೆ. ಬಿಚ್ಚುವ ಮೊದಲೇ ನನಗೆ ಗೊತ್ತು, ಒಂದು ಸಾಲಿನ ಕೆಳಗೆ ಯಾರೋ ಪೆನ್ನಿನಲ್ಲಿ ಗೆರೆ ಎಳೆದಿರುತ್ತಾರೆ. ಗರ್ಭಕೋಶದ ಗಡ್ಡೆಯ, ಅಂದರೆ ಫೈಬ್ರಾಯ್ಡಿನ, ಸೈಜಿನ ಸಾಲು ಅದು. "ಡಾಕ್ಟ್ರೇ, ನಾಲ್ಕೂವರೆ ಸೆಂಟಿಮೀಟರ್ ಅಂತೆ. ಲೇಸರ್ ಮಾಡ್ಸಿದ್ರೆ ಹೋಗ್ತದಾ?"

ಈ ಲೇಸರ್ ಒಂದು ಬೇರೆ ಕತೆ. ಹೊಟ್ಟೆ ಕೊಯ್ಯದೆ ಏನು ಮಾಡಿದರೂ ಶಿರಸಿ ಕಡೆ ಅದಕ್ಕೆ ಲೇಸರ್ ಅಂತಲೇ ಹೆಸರು. ಅದರೊಳಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರ್ನಾಲ್ಕು ಚಿಕಿತ್ಸೆಗಳಿವೆ. ಇನ್ನು ಗಡ್ಡೆ ಅಂದ ಕೂಡಲೇ ಕ್ಯಾನ್ಸರ್ ಅಂತ ಹೆದರಬೇಡಿ. ಫೈಬ್ರಾಯ್ಡ್ ಅಂದುಕೊಂಡದ್ದು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ.

ನನಗೆ ತಲೆ ಕೆಡುವುದು ಸೆಂಟಿಮೀಟರ್ ವಿಷಯಕ್ಕೆ. ತೋಟದ ಮೂಲೆಯಲ್ಲಿ ಆಳೆತ್ತರದ ಬಂಡೆ ಇದ್ದರೂ ಅದರ ಪಾಡಿಗೆ ಅದಿರುತ್ತದೆ. ಹೊಸ್ತಿಲ ಮೇಲೆ ಒಂದು ಹಿಡಿ ಕಲ್ಲಿದ್ದರೆ ಮನೆಮಂದಿಯೆಲ್ಲ ಎಡವುತ್ತಾರೆ, ಅಲ್ವಾ? ಗಡ್ಡೆಯೂ ಹಾಗೇ. ಗರ್ಭಕೋಶದ ಒಳಕೋಣೆಗೆ ಚಾಚಿದೆಯಾ, ಗೋಡೆಯೊಳಗೆ ಹುದುಗಿದೆಯಾ, ಹೊರಮೈಗೆ ಅಂಟಿದೆಯಾ? ನಾವು ಇದಕ್ಕೇ 0ಯಿಂದ 8ರವರೆಗೆ ನಂಬರ್ ಕೊಡುತ್ತೇವೆ. ಆ ನಂಬರ್ ಹೇಳುವುದು ಜಾಗವನ್ನು, ಸೈಜನ್ನಲ್ಲ. ರಿಪೋರ್ಟಿನಲ್ಲಿ ಅದಿದ್ದರೆ ಗೆರೆ ಅಲ್ಲಿ ಎಳೆಯಿರಿ.

ಒಮ್ಮೆ ಸಿದ್ದಾಪುರ ಕಡೆಯಿಂದ ಅತ್ತಿಗೆ-ನಾದಿನಿ ಒಟ್ಟಿಗೆ ಬಂದರು. ಅತ್ತಿಗೆಗೆ ಏಳು ಸೆಂಟಿಮೀಟರ್, ನಾದಿನಿಗೆ ಎರಡು. ಅಳುತ್ತಿದ್ದವರು ಅತ್ತಿಗೆ, ಸಮಾಧಾನ ಮಾಡುತ್ತಿದ್ದವರು ನಾದಿನಿ. ನಾನು ನಾದಿನಿಯ ಕೆಳರೆಪ್ಪೆ ಎಳೆದು ನೋಡಿದೆ. ಸುಣ್ಣದ ಬಿಳುಪು. ಹಿಮೋಗ್ಲೋಬಿನ್ 6.4. ತಿಂಗಳಿಗೆ ಹತ್ತು ದಿನ ರಕ್ತ ಹೋಗುತ್ತಿತ್ತಂತೆ. ಕೊಟ್ಟಿಗೆಯಿಂದ ಮನೆಗೆ ಬರುವಷ್ಟರಲ್ಲಿ ಏದುಸಿರು. ವಯಸ್ಸಾಯ್ತು ಅಂದುಕೊಂಡಿದ್ದರು, 38ಕ್ಕೇ! ಅವರ ಗಡ್ಡೆ ಒಳಕೋಣೆಯಲ್ಲಿತ್ತು. ಅತ್ತಿಗೆಯದು ಹೊರಮೈಯಲ್ಲಿ ಸುಮ್ನೆ ಕೂತಿತ್ತು.

ಒಳಕೋಣೆಯದಾದರೆ ಕೆಳಗಿನಿಂದಲೇ ಹಿಸ್ಟರೋಸ್ಕೋಪ್, ಅಂದರೆ ಕ್ಯಾಮೆರಾ ಇರುವ ಸಪೂರ ನಳಿಗೆ, ಹಾಕಿ ಕೆರೆದು ತೆಗೆಯಬಹುದು. ಹೊಟ್ಟೆಯ ಮೇಲೆ ಒಂದು ಗೀರೂ ಇಲ್ಲ, ಹೆಚ್ಚಿನವರು ಅದೇ ದಿನ ಅಥವಾ ಮರುದಿನ ಮನೆಗೆ. ಆದರೆ ಗೋಡೆಯೊಳಗೆ ಆಳವಾಗಿ ಕೂತದ್ದಕ್ಕೆ, ಹೊರಮೈಯದಕ್ಕೆ ಈ ದಾರಿ ಸಿಗುವುದಿಲ್ಲ. ಅದನ್ನು ತೆಗೆಯಲೇಬೇಕಾದರೆ ಲ್ಯಾಪರೋಸ್ಕೋಪಿ, ಅಂದರೆ ಮೂರ್ನಾಲ್ಕು ತೂತು. ತೂತು ಚಿಕ್ಕದು ಅಂತ ಒಳಗಿನ ಆಪರೇಷನ್ ಚಿಕ್ಕದಲ್ಲ. ಗೋಡೆ ಬಿಡಿಸಿ, ಗಡ್ಡೆ ತೆಗೆದು, ಮತ್ತೆ ಹೊಲಿಯಬೇಕು. ಹೊಲಿಗೆ ಮಾಗುವವರೆಗೆ ಕೆಲವು ತಿಂಗಳು ಬಸಿರು ಬೇಡ ಅನ್ನುತ್ತೇವೆ.

ಮೂರನೆಯದು ಎಂಬೋಲೈಸೇಷನ್. 1995ರಲ್ಲಿ ಪ್ಯಾರಿಸ್‌ನ ವೈದ್ಯರು ಮೊದಲು ವರದಿ ಮಾಡಿದ್ದು. ತೊಡೆಸಂದಿಯಿಂದಲೋ ಮಣಿಕಟ್ಟಿನಿಂದಲೋ ರಕ್ತನಾಳಕ್ಕೆ ಸಪೂರ ನಳಿಗೆ ತೂರಿಸಿ, ಗಡ್ಡೆಗೆ ಹೋಗುವ ರಕ್ತಕ್ಕೆ ಸಣ್ಣ ಕಣಗಳಿಂದ ತಡೆ ಹಾಕುತ್ತಾರೆ. ಮಾಡುವವರು ರೇಡಿಯಾಲಜಿಯವರು, ನನ್ನಂಥವರಲ್ಲ. ಗಡ್ಡೆ ಮಾಯವಾಗುವುದಿಲ್ಲ, ತಿಂಗಳುಗಟ್ಟಲೆ ನಿಧಾನಕ್ಕೆ ಸುಮಾರು ಅರ್ಧಕ್ಕೆ ಬಾಡುತ್ತದೆ. ಮೊದಲ ದಿನ ನೋವು ಜೋರು. ಇದನ್ನು ಯಾರೂ ಮೊದಲೇ ಹೇಳಿರುವುದಿಲ್ಲ. ಮುಂದೆ ಮಕ್ಕಳು ಬೇಕು ಅನ್ನುವವರಿಗೆ ನಾನಾಗಿ ಇದನ್ನು ಹೇಳುವುದು ಕಡಿಮೆ. ಎಂಆರ್‌ಐಯಲ್ಲಿ ನೋಡುತ್ತಾ ಶಬ್ದದ ಅಲೆಯಿಂದ ಗಡ್ಡೆಯನ್ನು ಸುಡುವ ವಿಧಾನವೂ ಇದೆ. ಎಲ್ಲ ಗಡ್ಡೆಗೂ ಆಗುವುದಿಲ್ಲ, ದೊಡ್ಡ ಊರಿಗೇ ಹೋಗಬೇಕು.

ಗರ್ಭಕೋಶ ಉಳಿಸಿಕೊಂಡು ಏನು ಮಾಡಿಸಿದರೂ ಮುಂದೆ ಹೊಸ ಗಡ್ಡೆ ಬರಬಹುದು. ಮುಟ್ಟು ನಿಲ್ಲುವ ವಯಸ್ಸು ಹತ್ತಿರವಿದ್ದು ತೊಂದರೆ ಕಡಿಮೆಯಿದ್ದರೆ ಕಾಯುವುದೂ ಒಂದು ಚಿಕಿತ್ಸೆಯೇ. ಆಮೇಲೆ ಸಾಮಾನ್ಯವಾಗಿ ಅದೇ ಕುಗ್ಗುತ್ತದೆ. ನಿಮ್ಮದು ಯಾವ ಲೆಕ್ಕ ಅಂತ ನೋಡದೆ ಹೇಳಲಾರೆ, ಫೋನಿನಲ್ಲಂತೂ ಇಲ್ಲವೇ ಇಲ್ಲ.

ನಾದಿನಿಗೆ ಮೊದಲು ರಕ್ತ ಏರಿಸಿ, ಆಮೇಲೆ ಗಡ್ಡೆ ತೆಗೆದೆವು. ಈಗ ಆರಾಮ. ಅತ್ತಿಗೆಗೆ ಮಾತ್ರ ಇನ್ನೂ ಬೇಜಾರು: "ಅವಳ ಸಣ್ಣದನ್ನ ತೆಗೆದ್ರಿ, ನಂದು ಅಷ್ಟು ದೊಡ್ಡದು, ಬಿಟ್ಟೇ ಬಿಟ್ರಿ." ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಿಕೊಂಡು ಬರುತ್ತಾರೆ. ಹೋದ ಸಲ ಅರ್ಧ ಸೆಂಟಿಮೀಟರ್ ಜಾಸ್ತಿ ಅಂತ ಮುಖ ಬಾಡಿಸಿಕೊಂಡಿದ್ದರು. ಬೇರೆ ಮೆಷಿನ್, ಬೇರೆಯವರ ಕೈ, ಅಷ್ಟು ಹೆಚ್ಚುಕಮ್ಮಿ ಇದ್ದದ್ದೇ ಅಂದೆ. ನಂಬಲಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿಯನ್ನು ಮೇಜಿನ ಮೇಲಿಟ್ಟು ಹೋದರು.